ಎಂಟನೆಯ ರೀಲು

ಎಂಬತ್ತರ ದಶಕದಲ್ಲಿ ನಾನು ಆಳಂದದಲ್ಲಿ ಪಿಯುಸಿ ಓದುತ್ತಿದ್ದಾಗ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಟಾಕೀಸು ಇತ್ತು. ಒಳಗೆ ಕೂತರೆ ನಾಯಕಿ ಅಳುವುದಕ್ಕೆ ಮೊದಲೇ ನಾವು ಬೆವರಿನಿಂದ ತೊಯ್ದಿರುತ್ತಿದ್ದೆವು. ದಿನಕ್ಕೆ ಎರಡೇ ಆಟ, ಮಧ್ಯಾಹ್ನ ಮೂರಕ್ಕೊಂದು, ಸಂಜೆ ಆರೂವರೆಗೊಂದು. ಸಂಜೆಯದು ಊರವರಿಗೆ, ಮಧ್ಯಾಹ್ನದ್ದು ಹಳ್ಳಿಯವರಿಗೆ. ಹೀಗೆಂದು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ನಮ್ಮೂರು ಮಾದನಹಿಪ್ಪರಗಾದ ಕೊನೆಯ ಬಸ್ಸು ಐದೂಮುಕ್ಕಾಲಿಗೆ ಹೊರಡುತ್ತಿತ್ತು, ನರೋಣಾದ್ದು ಅದರ ಬೆನ್ನಿಗೇ. ಹಾಗಾಗಿ ಮೂರರ ಆಟಕ್ಕೆ ‘ಬಸ್ಸಿನ ಆಟ’ ಎಂದೇ ಹೆಸರು. ಚಿತ್ರ ಎಷ್ಟೇ ಉದ್ದದ್ದಿರಲಿ, ಬಸ್ಸಿನ ಆಟ ಬಸ್ಸಿಗೆ ಸರಿಯಾಗಿ ಬಿಡುತ್ತಿತ್ತು. ಅದು ಹೇಗೆ ಸಾಧ್ಯ ಎಂದು ಹದಿನೇಳು ವರ್ಷದ ತನಕ ನನಗೆ ಅನುಮಾನವೇ ಬರಲಿಲ್ಲ. ಮನೆಯಲ್ಲಿ ಜಾಣೆ ಎಂದು ಹೆಸರು ಪಡೆದಿದ್ದವಳು ನಾನು.

ಆ ಹೆಸರಿಗೆ ಅರ್ಧ ಕಾರಣ ನಮ್ಮ ಕನ್ನಡದ ಮೇಷ್ಟ್ರು. ತೆಳ್ಳಗಿನ ಮನುಷ್ಯ, ಮಳೆ ಇಲ್ಲದ ಊರಿನಲ್ಲೂ ಕೊಡೆ ಬಿಟ್ಟು ಬರುತ್ತಿರಲಿಲ್ಲ. ಕಾದಂಬರಿ ಪಾಠ ಶುರುವಾದ ದಿನ ಅವರು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಮೂರು ಮನೆ ಮಾಡಿದರು. ಪಾತ್ರ, ವಸ್ತು, ಸಂಘರ್ಷ. ಯಾವ ಕಥೆಯನ್ನಾದರೂ ಈ ಮೂರರಲ್ಲಿ ಬಿಡಿಸಿ ಇಡಬಹುದು ಎಂದರು. ಇನ್ನೊಂದು ಮಾತನ್ನೂ ಹೇಳಿದ್ದರು, ಪಾತ್ರ ಏನು ಮಾಡಿತು ಎಂದು ಬರೆಯುವ ಮೊದಲು ಅದಕ್ಕೆ ಏನು ಬೇಕಾಗಿತ್ತು ಎಂದು ಕೇಳಬೇಕು ಅಂತ. ಆ ಮಾತನ್ನು ನಾನು ನೋಟ್ಸಿನಲ್ಲಿ ಬರೆದುಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಗೆರೆ ಎಳೆಯುವುದು ಮಾತ್ರ ಬಹಳ ಹಿಡಿಸಿತು. ಮನೆಗೆ ಬಂದು ಎಲ್ಲರನ್ನೂ ಮೂರು ಮನೆಯಲ್ಲಿ ಹಾಕತೊಡಗಿದೆ. ಅವ್ವನದು ಇಂಥ ಪಾತ್ರ, ಕಾಕಾನದು ಇಂಥ ಸಂಘರ್ಷ. ಹಿಂಡಲು ಬಿಡದ ಎಮ್ಮೆಯ ಸಂಘರ್ಷವನ್ನೂ ಒಮ್ಮೆ ವಿವರಿಸಿದೆ. ಅವ್ವ ತಂಬಿಗೆ ನನ್ನ ಕೈಗೆ ಕೊಟ್ಟು, “ಹಂಗಾರ ನೀನೇ ಹಿಂಡು ಬೇ” ಎಂದಳು.

ಅಪ್ಪ ಇರಲಿಲ್ಲ. ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಹೊಲ, ಮನೆ, ಮದುವೆ, ಎಲ್ಲದರ ಮಾತು ಅಪ್ಪನ ತಮ್ಮನದು, ನಮ್ಮ ಕಾಕಾನದು. ಕೆಟ್ಟವನಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿದ ಮೇಲೆ ಆ ದಿನದ ತೀರ್ಮಾನಗಳನ್ನು ಹೇಳುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ಅವು ಆಗಿಹೋಗಿರಬೇಕಿತ್ತು. ನನ್ನ ಒಬ್ಬಳೇ ಅಕ್ಕನನ್ನು ಅಫಜಲಪುರ ತಾಲೂಕಿನ ಅತನೂರಿಗೆ ಕೊಟ್ಟದ್ದೂ ಅವನ ತೀರ್ಮಾನವೇ. ಮದುವೆಗೆ ಮುಂಚೆ ಅಕ್ಕ ಮಾಸ್ತರಿಕೆಯ ತರಬೇತಿ ಮುಗಿಸಿದ್ದಳು. ಮದುವೆಯಾದ ಮೇಲೆ ಅತನೂರಿನಿಂದಲೇ ನೌಕರಿಗೆ ಅರ್ಜಿ ಹಾಕಿದ್ದಳು. ಸಿಕ್ಕರೆ ಮಾಡಲಿ ಎಂದು ಅತ್ತೆಯ ಮನೆಯವರು ಮಾತಿನಲ್ಲಿ ಒಪ್ಪಿದ್ದರು.

ಆ ವರ್ಷ ದೀಪಾವಳಿಗೆ ತವರಿಗೆ ಬಂದ ಅಕ್ಕ ತಿರುಗಿ ಹೋಗಲಿಲ್ಲ. ಹಬ್ಬ ಮುಗಿಯಿತು, ಹದಿನೈದು ದಿನ ಆಯಿತು, ತಿಂಗಳಾಯಿತು. ಯಾಕೆ ಎಂದು ಅವ್ವ ಕೇಳಿದರೆ ಒಂದೇ ಉತ್ತರ. “ಅವ್ರನ್ನ ಕೇಳ್ರಿ.” ಹೊಡೆದರೇನು, ಬೈದರೇನು, ಉಪವಾಸ ಕೆಡವಿದರೇನು ಎಂದು ಕೇಳಿದರೂ ಅಷ್ಟೇ. ಇಲ್ಲ ಎಂದು ತಲೆಯಾಡಿಸಿ, “ಅವ್ರನ್ನ ಕೇಳ್ರಿ” ಎನ್ನುತ್ತಿದ್ದಳು. ನಮ್ಮಲ್ಲಿ ಅಳಿಯನನ್ನು ಕೇಳುವ ಪದ್ಧತಿ ಇಲ್ಲ. ಅಳಿಯ ಬಂದರೆ ಕಾಲಿಗೆ ನೀರು ಕೊಡುತ್ತೇವೆ, ಹೋಳಿಗೆ ಬಡಿಸುತ್ತೇವೆ, ಮಳೆ ಬೆಳೆ ವಿಚಾರಿಸುತ್ತೇವೆ. ನೀನು ಹೀಗೇಕೆ ಮಾಡಿದೆ ಎಂದು ಮಾತ್ರ ಯಾವ ಅತ್ತೆಯೂ ಯಾವ ಮಾವನೂ ಕೇಳಿದ್ದನ್ನು ನಾನು ನೋಡಿರಲಿಲ್ಲ. ಹೀಗಾಗಿ ಅಕ್ಕನ ಉತ್ತರ ಮನೆಯಲ್ಲಿ ಉತ್ತರವೇ ಅಲ್ಲ ಎಂದಾಯಿತು.

ತೊಗರಿ ರಾಶಿಯ ಕಾಲಕ್ಕೆ ಆಳಂದಕ್ಕೆ ಒಂದು ಚಿತ್ರ ಬಂತು. ಅಫಜಲಪುರದಲ್ಲಿ ಓಡಿ ಮುಗಿದು ಬಂದದ್ದು, ನಮ್ಮಲ್ಲಿ ಮುಗಿದ ಮೇಲೆ ಜೇವರ್ಗಿಗೆ ಹೋಗುವಂಥದ್ದು. ಯಾವುದೋ ಹಳೆಯ ಕಾದಂಬರಿಯ ಮೇಲೆ ತೆಗೆದ ಕಪ್ಪು ಬಿಳುಪು ಚಿತ್ರ. ಹೆಂಗಸರ ಚಿತ್ರ ಎಂದು ಸುದ್ದಿಯಾಗಿತ್ತು. ಮೇಷ್ಟ್ರು ಕ್ಲಾಸಿನಲ್ಲಿ, ಎಲ್ಲರೂ ನೋಡಿ, ನಾಯಕಿಯ ಪಾತ್ರದ ಮೇಲೆ ನಾಲ್ಕು ಪುಟ ಬರೆದು ತನ್ನಿ ಎಂದರು. ಸಂತೆಯ ದಿನ ಅವ್ವ, ಅಕ್ಕ, ನಾನು ಮೂವರೂ ಬಸ್ಸಿನ ಆಟಕ್ಕೆ ಹೋದೆವು.

ಕಥೆ ದೊಡ್ಡದಲ್ಲ. ಬಡವರ ಮನೆಯ ಹುಡುಗಿ ದೊಡ್ಡ ವಾಡೆಗೆ ಸೊಸೆಯಾಗಿ ಬರುತ್ತಾಳೆ. ಗಂಡ ಮೃದು ಸ್ವಭಾವದವನು. ಹಬ್ಬಕ್ಕೆ ಅಂಗಡಿಯವನು ಮನೆಗೆ ಸೀರೆ ತಂದಾಗ ಅವನು ಹಸಿರು ಎಂದು ಹೊಗಳಿದ ಒಂದು ಸೀರೆಯನ್ನು ಆಕೆ ಮುಟ್ಟಿ ನೋಡುತ್ತಾಳೆ, ಅತ್ತೆ ಅದನ್ನು ಮಡಚಿ ತಿರುಗಿ ಕೊಟ್ಟುಬಿಡುತ್ತಾಳೆ. ಅದಾದ ಮೇಲೆ ನೋಡಿದರೆ ಸೊಸೆ ಬರಿಗೈಯಲ್ಲಿ ವಾಡೆಯ ಮೆಟ್ಟಿಲು ಇಳಿದು ಹೋಗುತ್ತಿದ್ದಾಳೆ. ಗಂಡ ಮೂರು ಸಲ ಕರೆಯಲು ಬರುತ್ತಾನೆ. ಆಕೆ ಬಾಗಿಲು ತೆರೆಯುವುದಿಲ್ಲ. ಮುಗಿಯಿತು.

ಟಾಕೀಸಿನಲ್ಲಿ ಹೆಂಗಸರೆಲ್ಲ ಹಲ್ಲು ಕಡಿದರು. ಒಂದು ಸೀರೆಗಾಗಿ ಅಂಥ ಗಂಡನನ್ನು ಬಿಟ್ಟಳಲ್ಲ ಎಂದು ಬಸ್ಸಿನ ತುಂಬ ಅದೇ ಮಾತು. ನಾನು ಸುಮ್ಮನಿರಬೇಕಾಗಿತ್ತು. ಮೂರು ಮನೆಯ ಗೆರೆ ತಲೆಯಲ್ಲಿ ಎಳೆದಾಗಿತ್ತು. ಬಸ್ಸಿನ ಸದ್ದಿಗಿಂತ ಒಂದು ದನಿ ಮೇಲೆ ವಿವರಿಸತೊಡಗಿದೆ.

“ಸೀರಿ ಬರೀ ನೆಪ ಅದಬೇ. ಆಕೀದು ಸೊಕ್ಕಿನ ಪಾತ್ರ. ಸೊಕ್ಕಿದ್ದವರು ಕಾರಣ ಹೇಳಂಗಿಲ್ಲ, ಬಾಯಿ ಮುಚ್ಚಿಕೊಂಡು ಕುಂದರ್ತಾರ. ಮಾತಾಡದಽ ಇರೋದಽ ಅವರ ಕೈಯಾಗಿನ ಹತ್ಯಾರ.”

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಅಕ್ಕನ ಮುಖ. ಅಕ್ಕ ಕಿಟಕಿಯ ಕಡೆಗೆ ತಿರುಗಿದ್ದಳು. ಹೊರಗೆ ಕೊಯ್ದ ತೊಗರಿಯ ಕೂಳೆ ಬಿಟ್ಟರೆ ನೋಡುವಂಥದ್ದು ಏನೂ ಇರಲಿಲ್ಲ. ನಾನು ಹೇಳಿದ್ದು ಸಿನಿಮಾದವಳ ವಿಷಯ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಹೇಳುವಾಗ ನನ್ನ ಮನಸ್ಸಿನಲ್ಲಿ ಇಬ್ಬರೂ ಇದ್ದರು.

ಆ ಮಾತು ಬಸ್ಸಿನಿಂದ ಇಳಿದು ನಮ್ಮೊಡನೆ ಮನೆಗೇ ಬಂತು. ಮಾರನೆಯ ದಿನ ಅವ್ವ ಅದನ್ನು ಕಾಕಾನ ಮುಂದೆ ಇಟ್ಟಳು. ಓದಿದ ಹುಡುಗಿಯೇ ಹೇಳುತ್ತಾಳೆ, ಇದು ಸೊಕ್ಕು, ಬೇರೆ ಏನೂ ಇಲ್ಲ ಅಂತ. ಎರಡು ತಿಂಗಳಿಂದ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದ ಕಾಕಾನಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು. ಸೋಮವಾರ ಬಂದು ಕರೆದುಕೊಂಡು ಹೋಗಿ ಎಂದು ಅತನೂರಿಗೆ ಹೇಳಿ ಕಳಿಸಿದ. ಓಣಿಯಲ್ಲಿ ಅಕ್ಕನನ್ನು ಕಂಡರೆ ಹೆಂಗಸರು ‘ಸೀರಿಯಾಕಿ’ ಎಂದು ಪಿಸುಗುಡತೊಡಗಿದರು. ನಾನು ನಾಲ್ಕು ಪುಟ ಬರೆದೆ. ಅಷ್ಟು ಚೆನ್ನಾಗಿ ಅದಕ್ಕೆ ಮೊದಲು ಬರೆದಿರಲಿಲ್ಲ.

ಶನಿವಾರ ಬೆಳಗಿನ ಕ್ಲಾಸಿನಲ್ಲಿ ಮೇಷ್ಟ್ರು ಹಾಳೆಗಳನ್ನು ತಿರುಗಿ ಕೊಟ್ಟರು. ನನ್ನದರ ಮೇಲೆ ಅಂಕವೇ ಇರಲಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಸಾಲು. ತಂಬಿಗೆಯ ಪ್ರಸಂಗ ಎಲ್ಲಿ?

ನಾನು ಎದ್ದು ನಿಂತೆ. “ಸರ್, ಚಿತ್ರದಾಗ ತಂಬಿಗೀನೇ ಇಲ್ರಿ.”

ಮುಂದಿನ ಬೆಂಚಿನ ಊರ ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರು ಬೈಯಲಿಲ್ಲ. “ನೋಡದೆ ಬರೆದಿದ್ದೀಯಮ್ಮಾ. ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದೀಯ” ಎಂದರು. ನಾನು ನೋಡಿದ್ದೇನೆ ಎಂದೆ. ನರೋಣಾದಿಂದ ಬರುತ್ತಿದ್ದ ಹುಡುಗಿಯರನ್ನು ಕೇಳಿ ಎಂದೆ. ಅವರೂ ತಂಬಿಗೆ ಇಲ್ಲ ಎಂದರು. ಊರವರೆಲ್ಲ ಇದೆ ಎಂದರು. ಕ್ಲಾಸು ಎರಡು ಪಾಲಾಯಿತು. ಹಳ್ಳಿಯ ಹುಡುಗಿಯರು ನಿದ್ದೆ ಮಾಡಿರಬೇಕು ಎಂದು ಯಾರೋ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಮೊಂಡಿಯಾಗಿರಬಹುದು, ಆದರೆ ಬೆವರು ಸುರಿಸುತ್ತ ಕಣ್ಣು ಪಿಳುಕಿಸದೆ ಎರಡೂವರೆ ತಾಸು ನೋಡಿದವಳು. ತಂಬಿಗೆ ಎಲ್ಲಿ ಹೋಯಿತು ಎಂದು ತಿಳಿಯದೆ ಆ ದಿನ ಬಸ್ಸು ಹತ್ತುವುದಿಲ್ಲ ಎಂದು ನಿಶ್ಚಯಿಸಿದೆ.

ಮಧ್ಯಾಹ್ನ ಕಾಲೇಜು ಬಿಟ್ಟ ಕೂಡಲೇ ಟಾಕೀಸಿಗೆ ಹೋದೆ. ಹಿಂದಿನ ಕಬ್ಬಿಣದ ಏಣಿ ಹತ್ತಿದರೆ ಮಶೀನಿನ ಕೋಣೆ. ಅಲ್ಲಿ ಚಿತ್ರ ಓಡಿಸುವ ಚಾಚಾ ಇದ್ದರು. ಬಿಳಿ ಗಡ್ಡ, ಎಣ್ಣೆ ಕಲೆಯ ಬನಿಯನ್ನು. ಊರಿಗೆಲ್ಲ ಅವರು ಮಶೀನ್ ಚಾಚಾ. ಮೂರರ ಆಟಕ್ಕೆ ರೀಲುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಒಂದು ಡಬ್ಬಿ ಮಾತ್ರ ಬೇರೆಯಾಗಿ ಗೋಡೆಯ ಬದಿಗೆ ಇತ್ತು.

“ಚಾಚಾ, ಈ ಸಿನಿಮಾದಾಗ ತಂಬಿಗಿ ಅದ ಏನ್ರಿ?” ಎಂದೆ.

“ಅದ ಬೇಟಿ. ಎಂಟನೇ ರೀಲ್.” ಅವರು ಗೋಡೆಯ ಬದಿಯ ಡಬ್ಬಿಯ ಕಡೆಗೆ ಗದ್ದ ತಿರುಗಿಸಿದರು. “ಬಸ್ಸಿನ ಆಟಕ್ಕ ಅದು ಹಾಕಂಗಿಲ್ಲ.”

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರೇ ನಿಧಾನವಾಗಿ ಹೇಳಿದರು. ಉದ್ದದ ಚಿತ್ರವಾದರೆ ಬಸ್ಸಿನ ಹೊತ್ತಿಗೆ ಮುಗಿಯುವುದಿಲ್ಲ. ಅರ್ಧಕ್ಕೆ ಜನ ಎದ್ದು ಓಡುತ್ತಾರೆ, ಮರುದಿನ ಬೈಯುತ್ತಾರೆ. ಅದಕ್ಕೇ ಒಂದು ರೀಲು ತೆಗೆದಿಡುವುದು. ಇಷ್ಟು ವರ್ಷದಿಂದ ಹೀಗೇ ನಡೆದಿದೆ, ಹಳ್ಳಿಯವರು ಒಬ್ಬರೂ ತಕರಾರು ಮಾಡಿಲ್ಲ.

“ಎಂಟನೇದೇ ಯಾಕ್ರಿ?”

“ಹಾಡು ತೆಗದ್ರ ಕುರ್ಚಿ ಮುರೀತಾರ. ಹೊಡೆದಾಟ ತೆಗದ್ರ ಸೀಟಿ ಹೊಡೀತಾರ. ಇದ್ರಾಗ ಎರಡೂ ಇಲ್ಲ. ಬರೇ ಮಾತು. ಮಾತು ಹೋದ್ರ ಯಾರಿಗಿ ಗೊತ್ತಾಗ್ತದ?”

ನಾನು ಏಣಿಯ ಕಂಬಿ ಹಿಡಿದು ನಿಂತೆ. ಹುಟ್ಟಿದಾಗಿನಿಂದ ನಾನು ನೋಡಿದ ಉದ್ದದ ಚಿತ್ರಗಳೆಲ್ಲ, ನಾನು ಮೂರು ಮನೆಯಲ್ಲಿ ಹಾಕಿದ ಪಾತ್ರಗಳೆಲ್ಲ, ಮಾತು ತೆಗೆದವು. ಊರವರು ಒಂದು ಚಿತ್ರ ನೋಡುತ್ತಿದ್ದರು, ನಾವು ಇನ್ನೊಂದು. ಚಾಚಾ ಮೋಸಗಾರರಲ್ಲ. ನಮ್ಮ ಬಸ್ಸು ತಪ್ಪದಿರಲಿ ಎಂದು ಮಾಡಿದ್ದು ಅದು. ಬೈಯೋಣ ಎಂದರೆ ಬೈಯಲು ಜಾಗವೇ ಇರಲಿಲ್ಲ.

ಆ ರೀಲು ತೋರಿಸಿ ಎಂದೆ. ಸಂಜೆಯ ಆಟಕ್ಕೆ ಬಾ ಎಂದರು. ಆರೂವರೆಯ ಆಟ ನೋಡಿದರೆ ನನಗೆ ಬಸ್ಸಿಲ್ಲ, ನಾಳೆ ಬೆಳಿಗ್ಗೆ ಡಬ್ಬಿಗಳು ಜೇವರ್ಗಿಗೆ ಹೋಗುತ್ತವೆ. ಒಬ್ಬಳಿಗಾಗಿ ಮಶೀನು ಹಚ್ಚಲು ಆಗುವುದಿಲ್ಲ, ಬೆಳಕು ಕೊಡುವ ಕಾರ್ಬನ್ ಕಡ್ಡಿ ಸುಮ್ಮನೆ ಉರಿದು ಹಾಳಾಗುತ್ತದೆ ಎಂದು ಅವರು ರೀಲಿನ ಕಡೆ ತಿರುಗಿದರು. ನಾನು ಇಳಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ.

“ಚಾಚಾ, ಈ ರೀಲ್ ನೋಡದಽ ನಾ ಒಂದು ಮಾತಾಡೀನ್ರಿ. ಆ ಮಾತು ಹಿಡಕೊಂಡು ಸೋಮವಾರ ನಮ್ಮಕ್ಕನ್ನ ಕರಕೊಂಡು ಹೋಗಾಕ ಬರಾಕತ್ತಾರ.”

ಚಾಚಾ ಮೂಲೆಯ ಡಬ್ಬದಿಂದ ಉರಿದು ಉಳಿದ ಎರಡು ಮೋಟು ಕಡ್ಡಿ ಹುಡುಕಿ ತೆಗೆದರು. “ಕೆಳಗ ಹೋಗಿ ಕೂಡು. ಮೋಟ್ ಅವ, ಹತ್ತ ನಿಮಿಷ ಉರದ್ರ ನಿನ್ನ ನಸೀಬು” ಎಂದರು.

ಖಾಲಿ ಟಾಕೀಸಿನಲ್ಲಿ, ಹೆಂಗಸರ ಕಡೆಯ ಬೆಂಚಿನ ಮೇಲೆ ಒಬ್ಬಳೇ ಕೂತು ಎಂಟನೆಯ ರೀಲು ನೋಡಿದೆ. ಪರದೆಯ ಮೇಲೆ ಬೆಳಕು ಆಗಾಗ ಮಂಕಾಗುತ್ತಿತ್ತು. ವಾಡೆಯ ದೇವರ ಕೋಣೆಯ ಬೆಳ್ಳಿಯ ತಂಬಿಗೆ ಕಳೆದಿದೆ. ಗಂಡನೇ ಅದನ್ನು ಪಂಚೆಯಲ್ಲಿ ಸುತ್ತಿ ಒಯ್ದದ್ದನ್ನು ಸೊಸೆ ನೋಡಿದ್ದಾಳೆ. ತಪ್ಪು ಮನೆಯ ಮುದಿ ಆಳಿನ ಮೇಲೆ ಬರುತ್ತದೆ. ಆಕೆ ಕೂಗಾಡುವುದಿಲ್ಲ. ಗಂಡನ ಬಳಿ ಹೋಗಿ, ನೀವೇ ಹೇಳಿಬಿಡಿ, ನಾನು ಹೇಳಿದರೆ ನಿಮ್ಮ ಮಾನ ಹೋಗುತ್ತದೆ ಎನ್ನುತ್ತಾಳೆ. ನಾಳೆ ಹೇಳುತ್ತೇನೆ ಎನ್ನುತ್ತಾನೆ ಆ ಮೃದು ಸ್ವಭಾವದ ಗಂಡ. ನಾಳೆಯೂ ನಾಳೆ ಎನ್ನುತ್ತಾನೆ. ಮುದುಕ ಕಂಬಳಿ ಹೆಗಲಿಗೆ ಹಾಕಿಕೊಂಡು ಊರು ಬಿಡುತ್ತಾನೆ. ಆಕೆ ಅವನು ಕಾಣದಾಗುವ ತನಕ ಜಗಲಿಯ ಮೇಲೆ ನಿಂತಿರುತ್ತಾಳೆ. ಅಷ್ಟೇ. ಹಾಡಿಲ್ಲ, ಹೊಡೆದಾಟವಿಲ್ಲ. ಹಸಿರು ಸೀರೆಗೂ ಮೆಟ್ಟಿಲಿಗೂ ನಡುವೆ ಇಷ್ಟು ನಡೆದಿತ್ತು.

ನಾನು ಅಳಲಿಲ್ಲ. ನಾಚಿಕೆಯಾಯಿತು, ಅದೂ ಕಿವಿ ಬಿಸಿಯಾಗುವಷ್ಟು. ಮೇಲೆ ಹತ್ತಿ ಚಾಚಾನಿಗೆ ಕೈ ಮುಗಿದೆ. ಅವರು, “ಹೋಗ್, ಈಗ ಅಕ್ಕನ ಮುಂದ ಕೂಡು” ಎಂದರು.

ಮನೆಗೆ ಬಂದಾಗ ಅಕ್ಕ ಅಂಗಳದಲ್ಲಿ ಮೊರ ಇಟ್ಟುಕೊಂಡು ತೊಗರಿ ಹಸನು ಮಾಡುತ್ತಿದ್ದಳು. ನಾನು ಎದುರಿಗೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡೆ. ಬಸ್ಸಿನ ಆಟ, ಡಬ್ಬಿ, ತಂಬಿಗೆ, ಎಲ್ಲ ಹೇಳಿದೆ. ಅಕ್ಕ ಕೈ ನಿಲ್ಲಿಸದೆ ಕೇಳಿದಳು.

“ನಾ ತಪ್ಪ ಮಾತಾಡಿದೆ ಅಕ್ಕಾ. ಏನಾಗ್ಯದ ಅಂತ ಹೇಳು” ಎಂದೆ.

“ಆವತ್ತ ಬಸ್ಸಿನ್ಯಾಗ ಎಲ್ಲಾ ನೀನೇ ಹೇಳಿದೆಲ್ಲಾ. ಇನ್ನೇನು ಉಳದದ?”

ಅದು ನನಗೆ ಸಲ್ಲಬೇಕಾದದ್ದೇ. ನಾನು ಎದ್ದು ಹೋಗಲಿಲ್ಲ. ಅರ್ಧ ಮೊರ ಕಾಳು ಮುಗಿಯುವ ತನಕ ಕಲ್ಲು ಆರಿಸುತ್ತ ಕೂತೆ. ಊಹೆ ಮಾಡಲಿಲ್ಲ, ಹೀಗಾಗಿರಬೇಕು ಎನ್ನಲಿಲ್ಲ. ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಕೊನೆಗೆ ಅಕ್ಕ ಮೊರ ಕೆಳಗಿಟ್ಟಳು.

ದಸರೆಗೆ ಮುಂಚೆ ನೌಕರಿಯ ಇಂಟರ್‌ವ್ಯೂ ಕಾರ್ಡು ಅತನೂರಿಗೆ ಬಂದಿತ್ತು. ಟಪಾಲಿನವನು ಅದನ್ನು ಹೊಲದ ದಾರಿಯಲ್ಲೇ ಅವಳ ಗಂಡನ ಕೈಗೆ ಕೊಟ್ಟಿದ್ದ. ಅವನು ಅದನ್ನು ಕಿಸೆಯಲ್ಲಿಟ್ಟುಕೊಂಡ. ಎರಡು ವಾರ ಅದು ಅವನ ಅಂಗಿಯಿಂದ ಅಂಗಿಗೆ ಹೋಯಿತು. ತಾರೀಖು ದಾಟಿದ ಮೇಲೆ ಒಗೆಯಲು ಹಾಕಿದ ಅಂಗಿಯಲ್ಲಿ ಅಕ್ಕನಿಗೆ ಸಿಕ್ಕಿತು. ಕೇಳಿದರೆ ಮರೆತಿದ್ದೆ ಎಂದ. ಅವ್ವನ ಮುಂದೆ, ಕಾಕಾನ ಮುಂದೆ ಹೀಗಾಯಿತು ಎಂದು ನೀವೇ ಹೇಳಿ ಎಂದಳಂತೆ ಅಕ್ಕ. ದೀಪಾವಳಿಗೆ ಹೇಳುತ್ತೇನೆ ಎಂದಿದ್ದನಂತೆ. ಹಬ್ಬಕ್ಕೆ ಬಂದು ಉಂಡು, ಮಳೆ ಬೆಳೆ ಮಾತಾಡಿ, ಹೇಳದೆ ಹೋದ.

“ಹೊಡದಿದ್ರ ಎಲ್ಲಾರಿಗೂ ತಿಳೀತಿತ್ತು” ಎಂದಳು ಅಕ್ಕ. “ಕಾರ್ಡು ಕಿಸೇದಾಗ ಇಟ್ಟುಕೊಂಡ ಅಂದ್ರ ಯಾರು ಏನಂತಾರ? ಅಷ್ಟಕ್ಕಽ ಬಂದಿ ಏನ್ ಬೇ ಅಂತಾರ. ಅದಕ್ಕಽ ಅಂವನ ಬಾಯಿಲೇ ಬರಲಿ ಅಂತ ಸುಮ್ಮ ಕುಂತೀನಿ.”

ಅವಳಿಗೆ ಏನು ಬೇಕಾಗಿತ್ತು ಎಂಬುದು ಮೇಷ್ಟ್ರ ಮೊದಲ ಪ್ರಶ್ನೆಯಾಗಿತ್ತು. ಸೀರೆಯಲ್ಲ, ಸೊಕ್ಕೂ ಅಲ್ಲ. ಒಂದು ನೌಕರಿ, ಅದಕ್ಕಿಂತ ಮೊದಲು ಒಂದು ಮಾತು. ಎರಡು ತಿಂಗಳಿಂದ ಅವಳು ಕೇಳಿ ಕೇಳಿ ಎಂದರೂ ಒಬ್ಬರೂ ಕೇಳಬೇಕಾದವನನ್ನು ಕೇಳಿರಲಿಲ್ಲ. ನಾನು ಕೇಳುತ್ತೇನೆ ಎಂದೆ. ಅಕ್ಕ ಬೇಡ ಎನ್ನಲಿಲ್ಲ.

ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಅವರು ಬಂದರು. ಅಕ್ಕನ ಗಂಡ, ನಾವು ಮಾಮಾ ಎನ್ನುತ್ತೇವೆ, ಮತ್ತು ಅವನ ದೊಡ್ಡಪ್ಪ. ಕಾಲಿಗೆ ನೀರು ಆಯಿತು, ಚುರುಮುರಿ ಸುಸಲಾ, ಚಹಾ ಆಯಿತು, ತೊಗರಿಯ ಮಾತಾಯಿತು. ಒಳಗೆ ಅವ್ವ ಅಕ್ಕನ ಟ್ರಂಕಿಗೆ ಬಟ್ಟೆ ಹಾಕುತ್ತಿದ್ದಳು, ಅಕ್ಕ ಅವನ್ನು ಒಂದೊಂದೇ ಹೊರಗೆ ತೆಗೆದಿಡುತ್ತಿದ್ದಳು. ಪಡಸಾಲೆಯಲ್ಲಿ ದೊಡ್ಡಪ್ಪ ನಗುತ್ತ, “ನಿಮ್ಮ ಸಣ್ಣಾಕೀನೇ ಹೇಳ್ಯಾಳಂತಲ್ರಿ, ಇದು ಬರೇ ಸೊಕ್ಕು ಅಂತ” ಎಂದರು.

ನಾನು ಬಾಗಿಲಲ್ಲೇ ಇದ್ದೆ. ಪಡಸಾಲೆಗೆ ಬಂದು ನಿಂತೆ.

“ಹೌದ್ರಿ, ಹೇಳೀನಿ. ತಪ್ಪು ಹೇಳೀನಿ. ಪೂರಾ ತಿಳೀದಽ ಮಾತಾಡೀನಿ.”

ಕಾಕಾ, “ಒಳಗ ಹೋಗ್” ಎಂದ. ಹೋಗಲಿಲ್ಲ. ಮಾಮಾನ ಕಡೆ ತಿರುಗಿದೆ.

“ಮಾಮಾ, ನಿಮಗ ಒಂದ ಮಾತು ಕೇಳ್ತೀನ್ರಿ. ಅಕ್ಕನ ಇಂಟರ್‌ವ್ಯೂ ಕಾರ್ಡು ನಿಮ್ಮ ಕಿಸೇದಾಗ ಇತ್ತೋ ಇಲ್ಲೋ?”

ಅಳಿಯನನ್ನು ಕೇಳಿದ್ದಾಗಿತ್ತು. ಅವನು ಸುಮ್ಮನಾಗುತ್ತಾನೆ ಎಂದು ನನಗೆ ಖಾತ್ರಿ ಇತ್ತು. ಸಿನಿಮಾದ ಗಂಡ ಸುಮ್ಮನಿದ್ದನಲ್ಲ. ಮುಂದೆ ಏನು ಹೇಳಬೇಕೆಂದು ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದೆ. ಅವನು ತಲೆ ಬಗ್ಗಿಸಿ ಚಾಪೆಯ ಅಂಚು ಸರಿಮಾಡಿದ. ಆಮೇಲೆ, “ಇತ್ತು” ಎಂದ.

ಅವನ ದೊಡ್ಡಪ್ಪ ಅವನ ಕಡೆ ನೋಡಿದರು. “ಮರ್ತಿದ್ದೇನಲೇ?” ಎಂದು ಕೇಳಿದರು.

“ಇಲ್ರಿ. ಮರ್ತಿದ್ದಿಲ್ಲ. ನೌಕರಿ ಸಿಕ್ಕರ ಬ್ಯಾರೆ ಊರಿಗಿ ಹೋಗ್ತಾಳ, ಮನಿ ಒಡೀತದ ಅಂತ ಅಂಜಿ ಇಟ್ಟಕೊಂಡೆ.”

ವಾರದಲ್ಲಿ ಎರಡನೆಯ ಸಲ ನನ್ನ ಪಾತ್ರ ವಿಶ್ಲೇಷಣೆ ಮಣ್ಣುಪಾಲಾಯಿತು. ಅವನನ್ನು ದುಷ್ಟ ಎಂದು ಬರೆದುಕೊಂಡಿದ್ದೆ. ಅವನು ಅಂಜುಬುರುಕ, ಮತ್ತು ಎಲ್ಲರ ಮುಂದೆ ಹೌದು ಎನ್ನುವಷ್ಟು ಧೈರ್ಯ ಇದ್ದವನು. ಯಾರಾದರೂ ಕೇಳಿದ್ದರೆ ದೀಪಾವಳಿಯಲ್ಲೇ ಹೇಳುತ್ತಿದ್ದನೋ ಏನೋ.

ಅಕ್ಕ ಹೊರಗೆ ಬಂದಳು. ಸೆರಗು ಸರಿಮಾಡಿಕೊಂಡು ಕಾಕಾನ ಮುಂದೆ ನಿಂತಳು. “ಕಾಕಾ, ಇವತ್ತ ನಾ ಹೋಗಂಗಿಲ್ಲ. ಮತ್ತೊಮ್ಮಿ ಅರ್ಜಿ ಹಾಕ್ತೀನಿ. ಅತನೂರಿನ ಪತ್ತೇನೇ ಕೊಡ್ತೀನಿ. ಕಾರ್ಡು ಅಲ್ಲಿಗೇ ಬರಲಿ. ಅದು ಹೊತ್ತಿಗಿ ಸರಿಯಾಗಿ ನನ್ನ ಕೈಗಿ ಮುಟ್ಟಿದ್ರ ಆವತ್ತೇ ಅತನೂರಿಗಿ ಬರ್ತೀನಿ. ಮುಟ್ಟಲಿಲ್ಲಂದ್ರ ಯಾರೂ ಕರೀಬ್ಯಾಡ್ರಿ.”

ಕಾಕಾನ ತೀರ್ಮಾನ ಮಧ್ಯಾಹ್ನಕ್ಕೆ ಮುಂಚೆಯೇ ಮುರಿದದ್ದು ಆ ಮನೆಯಲ್ಲಿ ಮೊದಲ ಸಲ. ಅವನು ದೊಡ್ಡಪ್ಪನಿಗೆ, “ಊಟ ಮಾಡ್ಕೊಂಡು ಹೋಗ್ರಿ” ಎಂದ. ಟ್ರಂಕು ಒಳಗೇ ಉಳಿಯಿತು.

ಅವರು ಹೋದ ಮೇಲೆ ನಾನು ಅಕ್ಕನ ಜೊತೆ ಜಗಳವಾಡಿದೆ. ಇಲ್ಲಿಯ ವಿಳಾಸ ಕೊಟ್ಟರೆ ಕಾರ್ಡು ನೇರ ನಮ್ಮ ಮನೆಗೆ ಬರುತ್ತದೆ, ನೌಕರಿಯನ್ನೇ ಪಣಕ್ಕಿಡುವುದು ಹುಚ್ಚುತನ ಎಂದೆ. ಅವಳು ಒಪ್ಪಲಿಲ್ಲ. “ನೌಕರಿ ಒಂದೇ ಬೇಕಾಗಿದ್ರ ಹಂಗ ಮಾಡ್ತಿದ್ದೆ. ನನಗ ಎರಡೂ ಬೇಕು” ಎಂದಳು. ಅರ್ಜಿಯ ಮೇಲೆ ಅತನೂರು ಎಂದು ಅವಳು ದುಂಡಗೆ ಬರೆಯುವಾಗ ನಾನು ಪಕ್ಕದಲ್ಲೇ ಕೂತು ಹಲ್ಲು ಕಡಿದೆ.

ಆ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಮೊದಲ ಮಳೆಗೆ ಮುಂಚಿನ ಒಂದು ಬಿರುಬಿಸಿಲ ಮಧ್ಯಾಹ್ನ ಬಸ್ಸಿನಿಂದ ಮಾಮಾ ಒಬ್ಬನೇ ಇಳಿದು ಬಂದ. ತಲೆಗೆ ಪಟಗಾ ಇಲ್ಲ, ಕಾಲಲ್ಲಿ ಹೊಲದ ಮಣ್ಣು. ಟಪಾಲಿನವನು ಬೆಳಿಗ್ಗೆ ಕೊಟ್ಟನಂತೆ. ಹೊಲ ಹೊಡೆಯುತ್ತಿದ್ದ ಗಳೆ ಅಲ್ಲೇ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದ. ಕಾರ್ಡನ್ನು ಕಿಸೆಯಲ್ಲಿ ಇಟ್ಟಿರಲಿಲ್ಲ. ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದು ಬಂದದ್ದರಿಂದ ಅದು ಬೆವರಿಗೆ ಮೆತ್ತಗಾಗಿತ್ತು. ಅಕ್ಕ ಅದನ್ನು ಓದಿ, ತಾರೀಖು ನೋಡಿ, ಅವನ ಕಾಲಿಗೆ ನೀರು ಕೊಟ್ಟಳು. ಸಂಜೆಯ ಬಸ್ಸಿಗೆ ಇಬ್ಬರೂ ಅತನೂರಿಗೆ ಹೋದರು.

ನೌಕರಿ ಸಿಕ್ಕಿದ್ದು ಜೇವರ್ಗಿ ತಾಲೂಕಿನ ಒಂದು ಹಳ್ಳಿಯಲ್ಲಿ. ಮನೆ ಒಡೆಯಲಿಲ್ಲ. ಹೊಲವನ್ನು ದೊಡ್ಡಪ್ಪನಿಗೆ ಪಾಲಿಗೆ ಬಿಟ್ಟು ಮಾಮಾನೂ ಬಂದ, ಅಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿದ. ಕೆಲವು ವರ್ಷಗಳ ಮೇಲೆ ನನಗೂ ಜೇವರ್ಗಿಯಲ್ಲೇ ಕಾಲೇಜಿನ ಕೆಲಸ ಸಿಕ್ಕಿತು. ನಾನೂ ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತೇನೆ. ಪಾತ್ರದ ಮನೆಯಲ್ಲಿ ಏನಾದರೂ ಬರೆಯುವ ಮೊದಲು ಹುಡುಗರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು, ನೀವು ಯಾವುದನ್ನು ನೋಡಿಲ್ಲ? ಅವರಿಗೆ ಅದು ವಿಚಿತ್ರ ಅನಿಸುತ್ತದೆ. ಉತ್ತರ ಬರೆಯದವರಿಗೆ ನಾನು ಅಂಕ ಕೊಡುವುದಿಲ್ಲ.

ತೊಂಬತ್ತರ ದಶಕದ ಒಂದು ಭಾನುವಾರ ಅಕ್ಕನ ಮನೆಯಲ್ಲಿದ್ದೆ. ಸಂಜೆಯ ಹೊತ್ತು ಟಿ.ವಿ.ಯಲ್ಲಿ ಅದೇ ಕಪ್ಪು ಬಿಳುಪು ಚಿತ್ರ ಬಂತು. ಅಂಗಡಿಯವನು ಸೀರೆ ಹರವಿದ ಕೂಡಲೇ ನಾನು ಅಡುಗೆ ಮನೆಗೆ ಹೋಗಿ ಅಕ್ಕನ ಕೈಯಿಂದ ರೊಟ್ಟಿಯ ಹಿಟ್ಟು ಬಿಡಿಸಿ ಕರೆತಂದೆ. ಎಂಟನೆಯ ರೀಲನ್ನು ಅವಳು ನೋಡಿರಲೇ ಇಲ್ಲ. ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ಮಾಮಾನ ಪಕ್ಕ ನಿಂತು ನೋಡಿದಳು. ತಂಬಿಗೆ ಹೋಯಿತು. ಗಂಡ ನಾಳೆ ಎಂದ, ಮತ್ತೆ ನಾಳೆ ಎಂದ. ಮುದುಕ ಕಂಬಳಿ ಎತ್ತಿಕೊಂಡ.

ಕುರ್ಚಿಯಲ್ಲಿದ್ದ ಮಾಮಾ ಟಿ.ವಿ.ಯ ಕಡೆಗೇ ನೋಡುತ್ತ, “ಅಂವ ಹೇಳ್ಬೇಕಾಗಿತ್ತು” ಎಂದ.

“ಎಲ್ಲಾರ ಮುಂದ ಯಾರೂ ಕೇಳಲಿಲ್ಲಲ್ಲಾ ಅಂವಗ” ಎಂದಳು ಅಕ್ಕ. ನಾಯಕಿ ಮೆಟ್ಟಿಲು ಇಳಿದು ಹೋಗುವ ತನಕ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದಳು. ಅವಳು ನಗುತ್ತಿದ್ದಳು, ಕಣ್ಣು ತುಂಬಿತ್ತು.

“ಈಗ ಬರಿ ನಿನ್ನ ನಾಕು ಪುಟ” ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು.